ಗೋಲ್ ಮುಂದಿನ ಕೊಚ್ಚೆಗುಂಡಿ

ಈ ಸಲ ಏಪ್ರಿಲ್‌ನಲ್ಲಿ ನೈರೋಬಿಗೆ ಹೋದಾಗ ಎಂಬಕಸಿಯ ವಿಮಾನ ನಿಲ್ದಾಣದಿಂದ ಹೊರಗೆ ಬರುತ್ತಿದ್ದ ಹಾಗೇ ಮಳೆ ಹಿಡಿಯಿತು. ಟ್ಯಾಕ್ಸಿಯವನು ಗಾಜು ಏರಿಸಲು ಹೋದ. ಬೇಡಪ್ಪ ಅಂದೆ. ಅಲ್ಲಿಯ ಕಪ್ಪು ಜೇಡಿಮಣ್ಣು ನೆನೆದಾಗ ಒಂದು ವಾಸನೆ ಏಳುತ್ತದೆ. ನಮ್ಮ ಕೆಂಪು ಮಣ್ಣಿನ ಹಾಗೆ ಹಿತವಾದದ್ದಲ್ಲ. ಒದ್ದೆ ಕಾಲುಚೀಲವನ್ನು ಶೂನೊಳಗೇ ಮರೆತುಬಿಟ್ಟ ಹಾಗಿನದು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಬಂತೆಂದರೆ ಒಂದು ಕಡೆ ಹಸಿರು ಜೆರ್ಸಿ, ಇನ್ನೊಂದು ಕಡೆ ಮರೂನ್ ಜೆರ್ಸಿ, ಎರಡನ್ನೂ ಹೊಲಿಸಿಕೊಟ್ಟು ನಡುವೆ ಸಿಕ್ಕಿಕೊಂಡ ನಾನು, ಎಲ್ಲ ಕಣ್ಣಿಗೆ ಕಟ್ಟುತ್ತದೆ.

೨೦೧೫ರ ಮಳೆಗಾಲ ಅದು. ನಮ್ಮ ಯಜಮಾನರು, ಪ್ರಸನ್ನ, ಬ್ಯಾಂಕಿನ ಕೆಲಸದ ಮೇಲೆ ಅಲ್ಲಿಗೆ ವರ್ಗವಾಗಿ ಮೂರನೆಯ ವರ್ಷ. ಅವರ ಸಹೋದ್ಯೋಗಿಗಳ ಹೆಂಡತಿಯರು ಯೋಗ, ಕಿಟಿ ಪಾರ್ಟಿ ಎಂದು ಹೊತ್ತು ಕಳೆಯುತ್ತಿದ್ದರು. ನನಗದು ಒಗ್ಗಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಿಕ್ಕ ವಿದ್ಯೆಯೆಲ್ಲ ಚಿಕ್ಕಪೇಟೆಯದು. ಅಲ್ಲಿಂದ ಸಗಟು ಸೀರೆ ತಂದು ರಾಜಾಜಿನಗರದ ಮನೆಯ ಹಾಲ್‌ನಲ್ಲಿ ಹರಡಿ ಮಾರಿ ಮೇಲೆ ಬಂದವಳು ಸುಮ್ಮನೆ ಕೂರುವುದು ಹೇಗೆ? ಕಸರಾನಿಯಲ್ಲಿ ಒಂದು ಮಳಿಗೆ ಹಿಡಿದೆ. ವಾಂಜಿಕು ಎಂಬ ಗಟ್ಟಿ ಹೆಂಗಸು ಹೊಲಿಗೆಯ ಕಡೆ ನೋಡಿಕೊಂಡಳು, ನಾನು ಗಿರಾಕಿಗಳ ಕಡೆ. ಶಾಲೆ ಕಾಲೇಜುಗಳ ತಂಡಗಳಿಗೆ ಜೆರ್ಸಿ ಹೊಲಿಸಿಕೊಡುವುದು ನಮ್ಮ ಕೆಲಸ. ಸ್ವಾಹಿಲಿಯಲ್ಲಿ ಜೆರ್ಸಿಗೆ ಜೆಜಿ ಅನ್ನುತ್ತಾರೆ. ಸುಮಾ ಎಂಬ ನನ್ನ ಹೆಸರು ಕೆಲವೇ ತಿಂಗಳಲ್ಲಿ ಅಳಿಸಿಹೋಗಿ ‘ಮಮಾ ಜೆಜಿ’, ಅಂದರೆ ಜೆರ್ಸಿ ಅಮ್ಮ, ಆಗಿಬಿಟ್ಟೆ.

ನನ್ನ ಗಿರಾಕಿಗಳಲ್ಲಿ ಇಬ್ಬರು ಫುಟ್‌ಬಾಲ್ ಕೋಚ್‌ಗಳಿದ್ದರು. ಮರೂನ್ ಜೆರ್ಸಿಯ ಕಾಲೇಜಿಗೆ ಕರಿಯುಕಿ. ಹಸಿರು ಜೆರ್ಸಿಯ ಕಾಲೇಜಿಗೆ ಒಮೊಂಡಿ. ಎರಡೂ ಕಾಲೇಜುಗಳು ಒಂದೇ ರಸ್ತೆಯ ಆ ತುದಿ ಈ ತುದಿ. ಇಬ್ಬರೂ ಹರೆಯದಲ್ಲಿ ಒಂದೇ ತಂಡಕ್ಕೆ ಆಡಿದವರು, ಆಗ ಯಾವುದೋ ಪಂದ್ಯ ಯಾರಿಂದ ಗೆದ್ದಿತು ಎಂಬ ಜಗಳ ಇನ್ನೂ ಮುಗಿಸದವರು.

ಕರಿಯುಕಿ ಸಣ್ಣ ಆಳು, ತಲೆಯ ಮೇಲೆ ಬೂದು ಬಣ್ಣದ ಟೋಪಿ. ಮಳೆಗೆ ನಿಲ್ಲಲು ಬಂದವರ ಹಾಗೆ ಅಂಗಡಿಯೊಳಗೆ ಬರುತ್ತಿದ್ದರು. ಬಟ್ಟೆ ಮುಟ್ಟಿ ನಿಟ್ಟುಸಿರು ಬಿಡುತ್ತಿದ್ದರು. ಬೆಲೆ ಹೇಳಿದರೆ ನನಗೇ ಪಾಪ ಎನ್ನಿಸುವ ಹಾಗೆ ನೋಡಿ ಬಾಗಿಲವರೆಗೆ ಹೋಗಿ, ಆಕಾಶ ನೋಡಿ, ವಾಪಸ್ಸು ಬಂದು ನಮ್ಮ ಮಗಳ ಓದಿನ ವಿಷಯ ಕೇಳುತ್ತಿದ್ದರು. ಇಷ್ಟೆಲ್ಲ ಆಟದ ಕೊನೆಗೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರೆಂದರೆ ಮುಗಿಯಿತು, ಅದೇ ಅವರ ಕೊನೆಯ ಮಾತು. ಆಮೇಲೆ ಅವರ ಹತ್ತಿರ ಮುಚ್ಚಿಟ್ಟದ್ದು ಏನೂ ಉಳಿದಿರುತ್ತಿರಲಿಲ್ಲ. ಅಂಥ ಗಿರಾಕಿಯನ್ನು ನಾನು ಚಿಕ್ಕಪೇಟೆಯಲ್ಲೂ ಕಂಡಿರಲಿಲ್ಲ. ಅವರು ಬಂದ ದಿನ ನನಗೆ ಹಬ್ಬ.

ಒಮೊಂಡಿ ಆರಡಿ ಎತ್ತರ, ಗುಡುಗಿನಂಥ ದನಿ, ಒಳಗೆ ಬೆಣ್ಣೆ. ಗುಡುಗುತ್ತಲೇ ಬಂದು ಅರ್ಧ ಬೆಲೆಗೆ ಕೇಳಿದರು. ನಾನು ಏನೂ ಹೇಳದೆ ಅಳತೆಯ ಟೇಪು ಸುತ್ತುತ್ತ ಕೂತೆ, ಅಷ್ಟೇ. ಆ ಮೌನ ತಡೆಯಲಾಗದೆ ತಾವು ಕೇಳಿದ ಬೆಲೆಯನ್ನು ತಾವೇ ಏರಿಸಿದರು. ನಾನು ಇನ್ನೊಂದು ಸುತ್ತು ಸುತ್ತಿದೆ. ಮತ್ತೆ ಏರಿಸಿ, ಮೇಲೆ ಕಾಲುಚೀಲಗಳನ್ನೂ ಸೇರಿಸಿಕೊಂಡರು. ನನಗೆ ಲಾಭವಾಯಿತು, ನಿಜ. ಆದರೆ ವ್ಯಾಪಾರ ಮಾಡುವವರಿಗೆ ಇಂಥದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಒಳ್ಳೆ ಸಂಗೀತಗಾರರ ಮುಂದೆ ಯಾರೋ ಅಪಸ್ವರ ಹಾಡಿದ ಹಾಗೆ.

“ಕೋಚ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಅಂದೆ. “ನೀವು ಪಂದ್ಯ ಸೋಲೋದು ಯಾವಾಗಲೂ ಕೊನೇಲೇ ಅಲ್ವಾ?”

ಅವರ ಮುಖ ಇಳಿದುಹೋಯಿತು. “ಯಾರು ಹೇಳಿದ್ದು? ಆ ಕರಿಯುಕಿನಾ?”

“ನೀವೇ ಈಗ ಹೇಳಿದ್ರಿ. ಕಾಲುಚೀಲ ತಗೊಂಡ್ರಲ್ಲ, ಅದು ಹೇಳ್ತು.”

ಸ್ಟೂಲಿನ ಮೇಲೆ ಕುಸಿದು ಕೂತು ಎಲ್ಲ ಹೇಳಿಕೊಂಡರು. ಪ್ರತಿ ವರ್ಷವೂ ಒಂದೇ ಕಥೆ. ಕೊನೆಯ ಹತ್ತು ನಿಮಿಷದವರೆಗೆ ಹಸಿರು ತಂಡ ಚೆನ್ನಾಗಿ ಆಡುತ್ತದೆ. ಅಲ್ಲಿಂದ ಆಚೆ ಕರಿಯುಕಿಯ ಆಟ ಶುರು. ಅವರ ಹುಡುಗರು ಗಾಳಿ ತಾಗಿದರೆ ಬೀಳುತ್ತಾರೆ, ಶೂ ಲೇಸ್ ಕಟ್ಟಿಕೊಳ್ಳಲು ಗಂಟೆ ಹಿಡಿಸುತ್ತಾರೆ. ಒಮೊಂಡಿಗೆ ಸುಮ್ಮನಿರಲು ಆಗುವುದಿಲ್ಲ. ಪಂದ್ಯಕ್ಕೆ ಮೂವರನ್ನು ಬದಲಾಯಿಸಬಹುದು. ಮೂವರು ಬದಲಿ ಆಟಗಾರರನ್ನೂ ಬೇಗನೆ ಮೈದಾನಕ್ಕೆ ಇಳಿಸಿಬಿಡುತ್ತಾರೆ. ಎಲ್ಲರನ್ನೂ ಮುಂದಕ್ಕೆ ಕಳಿಸುತ್ತಾರೆ, ಮರುನಿಮಿಷ ಎಲ್ಲರನ್ನೂ ಹಿಂದಕ್ಕೆ ಕರೆಯುತ್ತಾರೆ. ಆ ಗಡಿಬಿಡಿಯಲ್ಲಿ ಒಂದು ಗೋಲು ಬೀಳುತ್ತದೆ.

“ಈ ವರ್ಷ ಹೊಸ ಡೀನ್ ಬಂದಿದ್ದಾರೆ ಮಮಾ. ಮುಂದಿನ ಸುತ್ತಿಗೆ ಹೋಗದೇ ಇದ್ರೆ ಕೋಚ್ ಕೆಲಸ ಸಾಕು, ಹಾಸ್ಟೆಲ್ ಸ್ಟೋರ್ ನೋಡಿಕೊಳ್ಳಿ ಅಂದಿದ್ದಾರೆ. ಇಷ್ಟು ವರ್ಷ ಹುಡುಗರನ್ನ ಓಡಿಸಿ ಈಗ ಬೀನ್ಸ್ ಮೂಟೆ ಕಾಯಬೇಕಾ ನಾನು?”

ಗುಂಪಿನ ಕಡೆಯ ಪಂದ್ಯ ಕರಿಯುಕಿಯ ಮೇಲೆಯೇ ಇತ್ತು. ಒಮೊಂಡಿಗೆ ಸಮ ಮಾಡಿಕೊಂಡರೂ ಸಾಕಿತ್ತು, ಮುಂದಿನ ಸುತ್ತಿಗೆ ಹೋಗಬಹುದಿತ್ತು. ಕರಿಯುಕಿ ಗೆಲ್ಲಲೇಬೇಕಿತ್ತು. ಅಂದರೆ ವ್ಯಾಪಾರದ ಭಾಷೆಯಲ್ಲಿ, ಅವಸರ ಇದ್ದದ್ದು ಕರಿಯುಕಿಗೆ. ಒಮೊಂಡಿಗೆ ಅದು ಹೊಳೆದೇ ಇರಲಿಲ್ಲ.

“ನಾನು ಕಲಿಸ್ತೀನಿ. ನಾನು ಮಾಡೋದನ್ನ ನೋಡಿ, ಹಾಗ್ಹಾಗೇ ಮಾಡಿ,” ಅಂದೆ. ಕೇಳದಿದ್ದರೂ ಸಲಹೆ ಕೊಡುವ ಚಾಳಿ ನನ್ನದು. ಇಲ್ಲಿ ಕೇಳುವವರೇ ಸಿಕ್ಕಿದ್ದರು.

ಮೊದಲ ಪಾಠಕ್ಕೆ ಹಳೆ ಶೂ, ಹಳೆ ಬಟ್ಟೆ ಮಾರುವ ಬೀದಿಗೆ ಕರೆದುಕೊಂಡು ಹೋದೆ. ಒಂದು ಜೊತೆ ಬೂಟು ತೋರಿಸಿ, “ಅರ್ಧಕ್ಕೆ ಕೇಳಿ, ಕೊಡಲ್ಲ ಅಂದ್ರೆ ನಡೆದುಬಿಡಿ, ತಿರುಗಿ ನೋಡಬೇಡಿ,” ಅಂದೆ. ಒಮೊಂಡಿ ಕೇಳಿದರು. ಅಂಗಡಿಯವನು ಆಗಲ್ಲವೆಂದು ತಲೆಯಾಡಿಸಿದ. ಇವರು ನಡೆದರು, ಬಲು ಚೆನ್ನಾಗಿಯೇ ನಡೆದರು. ನಾಲ್ಕು ಅಂಗಡಿ ದಾಟಿದರೂ ಅವನು ಕರೆಯಲಿಲ್ಲ. ಅಷ್ಟರಲ್ಲಿ ಇವರಿಗೆ ತಡೆಯಲಾಗಲಿಲ್ಲ. ತಿರುಗಿ ಓಡಿ ಬಂದು, ಅವನು ಹೇಳಿದ ಬೆಲೆ ಕೊಟ್ಟು, “ಸಾರಿ ಸಾರ್” ಎಂದು ಅವನಿಗೆ ಕೈ ಕುಲುಕಿದರು. ಮನೆಗೆ ತಂದು ನೋಡಿದರೆ ಬೂಟು ಅವರ ಕಾಲಿಗೆ ಆಗುತ್ತಿರಲಿಲ್ಲ.

ಆದರೂ ನಾನು ಬಿಡಲಿಲ್ಲ. ಮಳೆ ಸುರಿಯುವ ಮಧ್ಯಾಹ್ನಗಳಲ್ಲಿ ಅವರು ಅಂಗಡಿಗೆ ಬಂದು ಮೂಲೆಯಲ್ಲಿ ಕೂತು ನಾನು ಗಿರಾಕಿಗಳ ಜೊತೆ ಮಾತಾಡುವುದನ್ನು ನೋಡುತ್ತಿದ್ದರು. ನಾನು ಸುಮ್ಮನಾದರೆ ಅವರೂ ಉಸಿರು ಹಿಡಿದು ಸುಮ್ಮನಾಗುತ್ತಿದ್ದರು. ನಾನು ಟೇಪು ಸುತ್ತಿದರೆ ಅವರು ಸೀಟಿಯ ದಾರ ಸುತ್ತುತ್ತಿದ್ದರು. ವ್ಯಾಪಾರ ಮುಗಿಯುವ ಹೊತ್ತಿಗೆ ನಾನು ಚಹಾ ತರಿಸಿದರೆ ಅವರೂ ಕುಡಿಯುತ್ತಿದ್ದರು. ನಾನು ತಲೆಗೆ ತುಂಬಿದ್ದು ಒಂದೇ: ನಿಮ್ಮ ಕೈಯಲ್ಲಿ ಕೊಡಲು ಏನಾದರೂ ಒಂದು ಉಳಿದಿರಬೇಕು, ಎದುರಿನವರು ತಮ್ಮದನ್ನು ಕೊಟ್ಟು ಮುಗಿಸುವವರೆಗೆ ಅದನ್ನು ತೆಗೆಯಬಾರದು. ಮೂರನೆಯ ಬದಲಿ ಆಟಗಾರನನ್ನು ಕರಿಯುಕಿ ಇಳಿಸುವವರೆಗೆ ಒಮೊಂಡಿ ಇಳಿಸಕೂಡದು. ನೀವೂ ನೆನಪಿಟ್ಟುಕೊಳ್ಳಿ, ಸೈಟು ಕೊಳ್ಳುವಾಗ ಆದರೂ ಆದೀತು.

ತಂಡಕ್ಕೊಬ್ಬ ಮ್ಯಾನೇಜರ್ ಬೆಂಚಿನಲ್ಲಿ ಕೂರಬೇಕು ಎಂಬ ನಿಯಮವಿತ್ತಂತೆ, ಹಿಂದಿದ್ದವರು ಬಿಟ್ಟುಹೋಗಿದ್ದರಂತೆ. ಒಮೊಂಡಿ ನನ್ನ ಕೊರಳಿಗೆ ಮ್ಯಾನೇಜರ್ ಬಿಲ್ಲೆ ಹಾಕಿಬಿಟ್ಟರು. ಮನೆಯಲ್ಲಿ ಹೇಳಿದಾಗ ನಮ್ಮವರು ತಟ್ಟೆಯಿಂದ ತಲೆ ಎತ್ತಿದರು.

“ಸುಮಾ, ನಿಂಗೆ ಆಫ್‌ಸೈಡ್ ಅಂದ್ರೆ ಏನು ಅಂತ ಗೊತ್ತೇನೇ?”

“ನಿಮಗೆ ಗೊತ್ತಾ ರೀ?”

“ಟಿವೀಲಿ ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ! ಅದಿರ್ಲಿ, ಈ ಶನಿವಾರ ಮುಥೈಗಾದಲ್ಲಿ ಬಾಸ್ ಮನೇಲಿ ಲಂಚು. ಫ್ಯಾಮಿಲಿ ಸಮೇತ ಅಂದಿದ್ದಾರೆ.”

“ಶನಿವಾರ ಮ್ಯಾಚು.”

“ಬಾಸ್ ಕಣೇ!”

“ಒಮೊಂಡಿ ಕೆಲಸ ಕಣ್ರೀ!”

ಮಗಳು ಸಿರಿ ಮೊಬೈಲಿನಿಂದ ಕಣ್ಣೆತ್ತದೆ, “ಅಪ್ಪಾ, ಶೀ ಹ್ಯಾಸ್ ಆಲ್ರೆಡಿ ಡಿಸೈಡೆಡ್,” ಅಂದಳು. ಆ ಹುಡುಗಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಕೊನೆಗೆ ಒಂದು ರಾಜಿಯಾಯಿತು: ನಾನು ಅರ್ಧ ಪಂದ್ಯ ನೋಡುವುದು, ವಿರಾಮದ ಹೊತ್ತಿಗೆ ಅವರು ಬಂದು ಕರೆದುಕೊಂಡು ಹೋಗುವುದು. ನಾನು ಮಾಡಿಕೊಂಡ ರಾಜಿ ಎಂದಮೇಲೆ ಅದು ಹೇಗೆ ಮುಗಿದೀತು ಎಂದು ನೀವೇ ಊಹಿಸಿ.

ಶನಿವಾರ ಬೆಳಗಿನಿಂದ ಮಳೆ. ಹಸಿರು ಕಾಲೇಜಿನ ಮೈದಾನವೆಂದರೆ ಕಲಸಿಟ್ಟ ರಾಗಿಹಿಟ್ಟು. ಒಂದು ಕಡೆಯ ಗೋಲಿನ ಮುಂದೆ, ಗೋಲು ಕಾಯುವ ಗೋಲಿ ನಿಂತು ನಿಂತು ಸವೆದ ಜಾಗದಲ್ಲಿ, ಎಮ್ಮೆ ಮಲಗುವಷ್ಟು ದೊಡ್ಡ ಕೊಚ್ಚೆಗುಂಡಿ. ಕರಿಯುಕಿ ನನ್ನ ಕೊರಳಿನ ಬಿಲ್ಲೆ ನೋಡಿ ನಕ್ಕರು. “ನಮಗೂ ಜೆಜಿ ನೀವೇ, ಅವರಿಗೂ ನೀವೇ. ನಮ್ಮ ಬೆಂಚಿನಲ್ಲೂ ಸ್ವಲ್ಪ ಹೊತ್ತು ಕೂರಿ ಮಮಾ.”

“ನಿಮಗೆ ಕಲಿಸೋಕೆ ಏನು ಉಳಿದಿದೆ ಕೋಚ್,” ಅಂದೆ. ಮಾತು ನಿಜವೇ ಆಗಿತ್ತು.

ಮೊದಲರ್ಧದಲ್ಲಿ ಅವರೊಂದು, ಇವರೊಂದು ಗೋಲು ಹಾಕಿ ಸಮವಾಯಿತು. ವಿರಾಮಕ್ಕೆ ನಮ್ಮವರು ಬಂದರು: ಬಿಳಿ ಷರ್ಟು, ಹೊಸ ಶೂ, ಕೈಯಲ್ಲಿ ಬಾಸ್‌ಗೆಂದು ಮೈಸೂರು ಪಾಕಿನ ಡಬ್ಬ. “ಹೊರಡು,” ಅಂದರು. “ಐದು ನಿಮಿಷ,” ಅಂದೆ. ಅವರೂ ಐದು ನಿಮಿಷ ನೋಡಿದರು. ಆಮೇಲೆ ಅವರ ಶೂ ಕೆಸರಿನಲ್ಲಿ ಎಷ್ಟು ಆಳ ಹೂತಿತ್ತೆಂದರೆ ಹೊರಡುವ ಮಾತೇ ಬರಲಿಲ್ಲ. “ರೆಫ್ರೀ, ಆಫ್‌ಸೈಡ್!” ಎಂದು ಕೂಗುವುದಕ್ಕೆ ಶುರು ಮಾಡಿದರು. ಆಗ ಚೆಂಡು ಮೈದಾನದಿಂದ ಹೊರಗಿತ್ತು.

ಕೊನೆಯ ಹತ್ತು ನಿಮಿಷ ಬಂತು. ಇಬ್ಬರು ಕೋಚ್‌ಗಳ ಹತ್ತಿರವೂ ಒಬ್ಬೊಬ್ಬ ಬದಲಿ ಆಟಗಾರ ಉಳಿದಿದ್ದ. ಕರಿಯುಕಿಯ ಬೆಂಚಿನಲ್ಲಿ ಒಬ್ಬ ಉದ್ದನೆಯ ಹುಡುಗ, ಬಾವುಟದ ಕಂಬದಂಥವನು. ನಮ್ಮ ಕಡೆ ಬ್ರಾಯೊ; ಎರಡನೆಯ ವರ್ಷದ ಅಕೌಂಟ್ಸ್ ಓದುತ್ತಿದ್ದ, ಸದಾ ಏನಾದರೂ ತಿನ್ನುತ್ತಿದ್ದ ಹುಡುಗ. ಕರಿಯುಕಿ ತಮ್ಮ ಉದ್ದನೆಯವನನ್ನು ಓಡಿ ಮೈ ಬಿಸಿ ಮಾಡಿಕೋ ಎಂದು ಎಬ್ಬಿಸಿದರು. ಒಮೊಂಡಿ ಕೂಡಲೇ ಬ್ರಾಯೊನನ್ನು ಎಬ್ಬಿಸಿದರು. ಕರಿಯುಕಿ ಅವನನ್ನು ಕೂರಿಸಿದರು. ಒಮೊಂಡಿ ಇವನನ್ನು ಕೂರಿಸಿದರು. ಅವನು ಮತ್ತೆ ಎದ್ದ, ಇವನೂ ಎದ್ದ. ಗಿರಾಕಿ ಬಾಗಿಲಿಗೆ ಹೋಗಿ ಬಂದು, ಹೋಗಿ ಬಂದು ಮಾಡುವುದೆಂದರೆ ಇದೇ. ನನಗೆ ಮೈಯೆಲ್ಲ ಪುಳಕ. ಆಟ ಆಡುತ್ತಿದ್ದವರನ್ನು ಆಗ ಯಾರೂ ನೋಡುತ್ತಿರಲಿಲ್ಲ.

“ಕೋಚ್,” ಬ್ರಾಯೊ ಏದುಸಿರು ಬಿಡುತ್ತ ಬಂದ. “ನಾನು ಒಳಗೋ ಹೊರಗೋ? ಆಡೋರಿಗಿಂತ ಜಾಸ್ತಿ ಓಡಿದ್ದೀನಿ ನಾನು.”

“ಓಡು!” ಅಂದರು ಒಮೊಂಡಿ. ನನ್ನ ಕಡೆ ತಿರುಗಿದರು. “ಮಮಾ, ಇಳಿಸಿಬಿಡ್ಲಾ? ತಡ್ಕೊಳ್ಳೋಕೆ ಆಗ್ತಿಲ್ಲ.”

“ದಾರ ಸುತ್ತಿ,” ಅಂದೆ.

ಸೀಟಿಯ ದಾರವನ್ನು ಬೆರಳು ನೀಲಿಯಾಗುವಷ್ಟು ಸುತ್ತಿಕೊಂಡರು. ಬೀನ್ಸ್ ಮೂಟೆಗಳು ಅವರ ಕಣ್ಣಿನ ಮುಂದೆಯೇ ಇದ್ದವು, ನನಗೂ ಕಾಣುತ್ತಿದ್ದವು. ಕೊನೆಗೆ ತಡೆಯಲಾಗದೆ ಹೋದದ್ದು ಕರಿಯುಕಿಗೆ. ಉದ್ದನೆಯವನನ್ನು ಒಳಗೆ ಕಳಿಸಿದರು. ಒಮೊಂಡಿ ನನ್ನ ಕಡೆ ನೋಡಿದರು. ಹೂಂ ಎಂದು ತಲೆಯಾಡಿಸಿದೆ. ಬ್ರಾಯೊ ಇಳಿದ. ನಾಲ್ಕು ಹೆಜ್ಜೆ ಓಡಿದ, ಮೀನಖಂಡ ಹಿಡಿದುಕೊಂಡು ದಬಕ್ಕನೆ ಬಿದ್ದ. ಅಷ್ಟು ಹೊತ್ತು ಓಡಿಸಿ ಕೂರಿಸಿ ಓಡಿಸಿದ್ದಕ್ಕೆ ಕಾಲು ಸೆಟೆದುಕೊಂಡಿತ್ತು.

“ನಾಟಕ! ರೆಫ್ರೀ, ನಾಟಕ!” ಎಂದು ಕರಿಯುಕಿ ಕೂಗಿಕೊಂಡರು. ವರ್ಷಗಟ್ಟಲೆ ಹುಡುಗರಿಗೆ ಬೀಳುವುದನ್ನು ಹೇಳಿಕೊಟ್ಟವರಿಗೆ ನಿಜವಾಗಿ ಬಿದ್ದವನ ಗುರುತು ಸಿಗಲಿಲ್ಲ. ರೆಫ್ರಿಗೂ ಸಿಗಲಿಲ್ಲ, ಬ್ರಾಯೊಗೆ ಹಳದಿ ಕಾರ್ಡು ತೋರಿಸಿ ಎಬ್ಬಿಸಿ ನಿಲ್ಲಿಸಿದರು. ಮೈದಾನದ ನಡುಗೆರೆಯಿಂದ ಒಂದು ಮಾರು ಈಚೆ, ಕೊಕ್ಕರೆಯ ಹಾಗೆ ಒಂಟಿ ಕಾಲಿನಲ್ಲಿ ನಿಂತ.

ಇನ್ನೇನು ಮುಗಿಯಿತು ಅನ್ನುವಾಗ ಮರೂನ್ ತಂಡಕ್ಕೆ ಕಾರ್ನರ್ ಕಿಕ್ ಸಿಕ್ಕಿತು. ನಾನು ಚೆಂಡಿನ ಕಡೆ ನೋಡಲಿಲ್ಲ, ಕರಿಯುಕಿಯ ತಲೆಯ ಕಡೆ ನೋಡಿದೆ. ಟೋಪಿ ಇಳಿದು ಮೊಣಕಾಲಿಗೆ ಬಂತು.

“ಕೋಚ್, ಟೋಪಿ ತೆಗೆದ್ರು! ಇದೇ ಕೊನೇದು. ಎಲ್ಲಾರ್ನೂ ಕಳಿಸ್ತಾರೆ ನೋಡಿ!”

ಹಾಗೆಯೇ ಆಯಿತು. ಅವರ ಗೋಲಿಯೂ ತನ್ನ ಗೋಲು ಬಿಟ್ಟು ಈ ತುದಿಗೆ ಓಡಿ ಬಂದ. ಒಮೊಂಡಿ ಅಭ್ಯಾಸಬಲದಿಂದ “ಎಲ್ಲಾ ಹಿಂದೆ! ಬ್ರಾಯೊ, ನೀನೂ!” ಎಂದು ಕೂಗಲು ಬಾಯಿ ತೆರೆದರು. ನಾನು ತೋಳು ಹಿಡಿದೆಳೆದೆ. “ಅವರು ಅಂಗಡಿ ಖಾಲಿ ಬಿಟ್ಟು ಬೀದಿಗೆ ಬಂದಿದ್ದಾರೆ. ನಿಮ್ಮೋನು ಒಬ್ಬ ಅವರ ಬಾಗಿಲ ಹತ್ರ ಇರ್ಲಿ!” ಬ್ರಾಯೊ ಅಲ್ಲೇ ಉಳಿದ. ಕರೆದಿದ್ದರೂ ಬರುವ ಸ್ಥಿತಿಯಲ್ಲಿ ಅವನಿರಲಿಲ್ಲ ಬಿಡಿ.

ಚೆಂಡು ಬಂತು, ಉದ್ದನೆಯವನು ತಲೆ ಕೊಟ್ಟ, ನಮ್ಮವನೊಬ್ಬನ ಬೆನ್ನಿಗೆ ಬಡಿಯಿತು, ಯಾರೋ ಕಣ್ಣು ಮುಚ್ಚಿ ಒದ್ದರು. ಅದು ಎಲ್ಲರ ತಲೆ ದಾಟಿ ಸೀದಾ ಬ್ರಾಯೊನ ಕಾಲ ಬುಡಕ್ಕೆ ಬಂದು ಬಿತ್ತು. ಅವನ ಮುಂದೆ ಯಾರೂ ಇಲ್ಲ, ಬರೀ ಖಾಲಿ ಗೋಲು.

“ಆಫ್‌ಸೈಡ್!” ಅಂದರು ನಮ್ಮವರು, ತಮ್ಮ ಹೆಂಡತಿಯದೇ ತಂಡದ ವಿರುದ್ಧ.

“ಆಫ್‌ಸೈಡ್!” ಎಂದು ಮರೂನ್ ಬೆಂಚು ಪೂರ್ತಿ ಎದ್ದು ನಿಂತಿತು. ಮೈದಾನದ ತನ್ನ ಅರ್ಧದಲ್ಲೇ ನಿಂತವನಿಗೆ ಅದು ಅನ್ವಯಿಸುವುದಿಲ್ಲವಂತೆ. ರೆಫ್ರಿ ಕೈ ಬೀಸಿ ಆಡಿ ಅಂದರು.

ಬ್ರಾಯೊ ಓಡಲಿಲ್ಲ, ಕುಂಟಿದ. ಚೆಂಡನ್ನು ತಳ್ಳುವುದು, ಎರಡು ಕುಪ್ಪಳಿಸುವುದು, ಮತ್ತೆ ತಳ್ಳುವುದು. ಹಿಂದಿನಿಂದ ಮರೂನ್ ತಂಡ ಪೂರ್ತಿ ಅಟ್ಟಿಸಿಕೊಂಡು ಬರುತ್ತಿತ್ತು, ಆದರೆ ಆ ಜೇಡಿಯಲ್ಲಿ ಅವರೂ ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಹೊತ್ತು ಬರಬೇಕಿತ್ತು. ಅಷ್ಟು ನಿಧಾನದ ಓಟದ ಪಂದ್ಯವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಕೊನೆಗೆ ಅವರ ಗೋಲಿ ಹತ್ತಿರ ಬಂದಾಗ ಬ್ರಾಯೊ ಒಳ್ಳೆಯ ಕಾಲಿನಲ್ಲಿ ಒದ್ದು ಬೋರಲು ಬಿದ್ದ. ಚೆಂಡು ಉರುಳಿತು, ಉರುಳಿತು, ಗೋಲಿನ ಬಾಗಿಲಿಗೆ ಬಂತು, ಕೊಚ್ಚೆಗುಂಡಿಗೆ ಇಳಿಯಿತು, ನಿಂತಿತು. ಗೆರೆಗೆ ಒಂದು ಗೇಣು ಈಚೆ. ಅದನ್ನು ಹಿಡಿಯಲು ಹಾರಿದ ಗೋಲಿ ಕೆಸರಿನಲ್ಲಿ ಜಾರಿ ಚೆಂಡನ್ನು ದಾಟಿಕೊಂಡು ಹೋಗಿ ಬಲೆಯೊಳಗೆ ಬಿದ್ದ. ಗೋಲಿ ಒಳಗೆ, ಚೆಂಡು ಹೊರಗೆ. ಪಂದ್ಯ ಮುಗಿಯಿತೆಂದು ರೆಫ್ರಿ ಸೀಟಿ ಊದಿದರು.

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಒಮೊಂಡಿ ನನ್ನ ಕಡೆ ತಿರುಗಿ ಮೆಲ್ಲಗೆ, “ಸಮ ಆಯ್ತು. ಸಾಕಲ್ವಾ ಮಮಾ?” ಅಂದರು. “ಸಾಕು,” ಅಂದೆ. ಅಷ್ಟೆತ್ತರದ ಮನುಷ್ಯ ಮುಖ ಮುಚ್ಚಿಕೊಂಡು ಅತ್ತರು. ಬಾಸ್‌ಗೆಂದು ತಂದ ಮೈಸೂರು ಪಾಕನ್ನು ನಮ್ಮವರೇ ಹಂಚಿದರು. ಬ್ರಾಯೊ ಮಲಗಿದಲ್ಲೇ ಮೂರು ತಿಂದ. ಮುಥೈಗಾದ ಲಂಚಿಗೆ ನಾವು ಹೋಗಲಿಲ್ಲ.

ಜನ ಕರಗುವಾಗ ಕರಿಯುಕಿ ಫ್ಲಾಸ್ಕ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಒಂದು ಲೋಟ ಚಹಾ ಸುರಿದು ಕೊಟ್ಟರು.

“ನನ್ನ ಟೋಪಿ ನೋಡ್ತಿದ್ರಿ ನೀವು,” ಅಂದರು. “ನೀವು ಒಮೊಂಡಿ ಕಿವೀಲಿ ಏನೋ ಅಂದಾಗಲೇ ನನ್ನ ಮೊಣಕಾಲು ನೋಡ್ಕೊಂಡೆ, ಟೋಪಿ ಅಲ್ಲಿತ್ತು.”

“ಯಾವ ಟೋಪಿ ಕೋಚ್?” ಅಂದೆ, ಬಿಡದೆ.

“ಪರವಾಗಿಲ್ಲ ಮಮಾ. ನಿಮ್ಮ ಚಹಾನ ನಾನೂ ಎರಡು ವರ್ಷದಿಂದ ನೋಡ್ತಿದ್ದೀನಿ.”

“ನನ್ನ ಚಹಾ?”

“ನೀವು ಇನ್ನು ಬಿಟ್ಟುಕೊಡೋಣ ಅಂತ ಮನಸ್ಸು ಮಾಡಿದಾಗ ವಾಂಜಿಕುನ ಕರೆದು ಚಹಾ ತರೋಕೆ ಹೇಳ್ತೀರಿ. ಅದಕ್ಕೆ ಮುಂಚೆ ಎಷ್ಟು ಚೌಕಾಸಿ ಮಾಡಿದ್ರೂ ಹೇಳಲ್ಲ. ನಾನು ಚಹಾ ಬರೋ ತನಕ ಬೆಲೆ ಒಪ್ಪಿದ್ದೇ ಇಲ್ಲ, ನೀವು ಗಮನಿಸಿಲ್ವಾ?”

ರಾಜಾಜಿನಗರದ ನನ್ನ ಗಿರಾಕಿಗಳು, ಆ ಪದ್ಮಮ್ಮ, ಆ ಲೆಕ್ಚರರ್ ಮೇಡಂ, ಎಲ್ಲರೂ ಕಾಫಿ ಬರುವವರೆಗೆ ಸೀರೆ ಮಡಚುತ್ತ ಬಿಚ್ಚುತ್ತ ಯಾಕೆ ಕೂತಿರುತ್ತಿದ್ದರೆಂದು ಆವತ್ತು ಅರ್ಥವಾಯಿತು. ಇಷ್ಟು ವರ್ಷ ನನ್ನ ಕಾಫಿ ಚೆನ್ನಾಗಿದೆ ಎಂದುಕೊಂಡಿದ್ದೆ.

ಆಮೇಲೆ ಎರಡು ವರ್ಷಕ್ಕೆ ನಮ್ಮವರಿಗೆ ವಾಪಸ್ಸು ಬೆಂಗಳೂರಿಗೆ ವರ್ಗವಾಯಿತು. ಮಳಿಗೆಯನ್ನು ಈಗ ವಾಂಜಿಕು ನಡೆಸುತ್ತಾಳೆ. ನಾನು ಬೆಂಗಳೂರಿನಿಂದ ಬಟ್ಟೆ ಕಳಿಸುತ್ತೇನೆ, ಆಗಾಗ ಹೋಗಿ ನೋಡಿ ಬರುತ್ತೇನೆ. ಈ ಸಲ ಟ್ಯಾಕ್ಸಿಯನ್ನು ಮಳಿಗೆಗೆ ಬಿಡಿಸದೆ ಸೀದಾ ಆ ಮೈದಾನಕ್ಕೆ ಬಿಡಿಸಿದೆ. ಒಮೊಂಡಿ ಅಲ್ಲೇ ಇದ್ದರು, ಕೋಚ್ ಆಗಿಯೇ. ಕರಿಯುಕಿಯೂ ಇದ್ದರು, ಮುಂದಿನ ವಾರ ಪಂದ್ಯವಂತೆ. ತಗಡಿನ ಸೂರಿನ ಕೆಳಗೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಜಗಳವಾಡುತ್ತಿದ್ದರು. ವಿಷಯ ಆ ಕೊಚ್ಚೆಗುಂಡಿ. ಅದು ಅಲ್ಲೇ ಇದೆ, ಇನ್ನಷ್ಟು ದೊಡ್ಡದಾಗಿದೆ. ಮುಚ್ಚಿಸು ಎಂದು ಕರಿಯುಕಿ, ನಿನ್ನ ಮೈದಾನದ ಇಳಿಜಾರು ಸರಿಮಾಡಿಸು ಎಂದು ಒಮೊಂಡಿ.

“ನೋಡಿ ಮಮಾ ಜೆಜಿ, ನೀವೇ ನ್ಯಾಯ ಹೇಳಿ,” ಅಂದರು ಕರಿಯುಕಿ.

“ನಾನೀಗ ಬಂದಿರೋದು ಮಳೆಗೆ ನಿಲ್ಲೋಕೆ,” ಅಂದೆ.

ಮಾತು ಸಾಗಿತು. ಕರಿಯುಕಿ ಎದ್ದು ಸೂರಿನ ಅಂಚಿನವರೆಗೆ ಹೋಗಿ ಆಕಾಶ ನೋಡಿ ಬಂದರು. ಒಮೊಂಡಿ ಒಂದು ಮಾತೂ ಆಡದೆ ಸೀಟಿಯ ದಾರ ಸುತ್ತುತ್ತ ಕೂತಿದ್ದರು. ಎಷ್ಟು ಚೆನ್ನಾಗಿ ಸುಮ್ಮನಿದ್ದರೆಂದರೆ ನನಗೆ ಕಣ್ಣು ತುಂಬಿ ಬಂತು. ಮಳೆ ತಗಡಿನ ಮೇಲೆ ಜೋರಾಯಿತು. ಆಗ ಒಮೊಂಡಿ ದಾರ ಬಿಟ್ಟು, ಕ್ಯಾಂಟೀನಿನ ಕಡೆ ತಿರುಗಿ, ಆ ಗುಡುಗಿನ ದನಿಯಲ್ಲಿ ಕೂಗಿದರು: “ಮೂರು ಚಾಯ್!”

ಅದೇ ಹೊತ್ತಿಗೆ ಬೆಂಚಿನ ಆ ತುದಿಯಲ್ಲಿ ಕರಿಯುಕಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ಇಬ್ಬರೂ ಬಿಟ್ಟುಕೊಡಲು ಮನಸ್ಸು ಮಾಡಿಯಾಗಿತ್ತು, ಆದರೂ ಇನ್ನೂ ಅರ್ಧ ಗಂಟೆ ಕಿತ್ತಾಡಿದರು. ನಾಲಿಗೆ ತುದಿಗೆ ಬಂದಿದ್ದ ಒಂದು ಸಲಹೆಯನ್ನು ನುಂಗಿಕೊಂಡು, ನಾನು ಚಹಾ ಕುಡಿಯುತ್ತ ಕೂತೆ.